ಫ್ಯಾನು ಕೂಗಿದರೆ ಯಂತ್ರ ಕೆಟ್ಟಿತೆ?

ಕಳೆದ ತಿಂಗಳು ಹೋಟೆಲಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬಂದರು. ಅವರ ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಾಳೆ. ಅವಳ ಲ್ಯಾಪ್‌ಟಾಪಿನ ಫ್ಯಾನು ಎರಡು ತಿಂಗಳಿಂದ ಕೂಗುತ್ತಿತ್ತು. ತಂದೆ ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬಂದು ಮಲಗಿದರೆ, ಒಂದೇ ಖೋಲಿಯ ಮನೆಯಲ್ಲಿ ಆ ಸದ್ದಿಗೆ ಅವರಿಗೆ ನಿದ್ದೆಯಿಲ್ಲ. ತಂದೆಯ ನಿದ್ದೆಗಾಗಿ ಮಗಳು ಯಂತ್ರ ಮುಚ್ಚಿಟ್ಟರೆ ಅವಳಿಗೆ ಓದಿಲ್ಲ. ರಿಪೇರಿಗೆ ಒಯ್ದ ಅಂಗಡಿಯವರು ಯಂತ್ರವನ್ನು ಬಿಚ್ಚಿಯೂ ನೋಡದೆ, "ಮದರ್‌ಬೋರ್ಡ್ ಹೋಗುತ್ತಾ ಬಂದಿದೆ, ಇದಕ್ಕೆ ದುಡ್ಡು ಹಾಕುವುದಕ್ಕಿಂತ ಹೊಸದು ತೆಗೆದುಕೊಳ್ಳಿ" ಎಂದು ಹೇಳಿ ಕಳುಹಿಸಿದರಂತೆ. ಸಾಲ ಬೇಕಾದದ್ದು ಆ ಹೊಸದಕ್ಕೆ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸ ಮಾಡುವ ನಮ್ಮವನೇ ಆದ ಯುವಕನೊಬ್ಬ ಅಂದು ಕಚೇರಿಯಲ್ಲಿ ಕುಳಿತಿದ್ದ. "ಸಾಲದ ಮಾತು ಆಮೇಲೆ ಅಣ್ಣ, ಮೊದಲು ಅದನ್ನು ತನ್ನಿ, ನೋಡುವ" ಎಂದ. ಮುಂದಿನ ಭಾನುವಾರ ಕಚೇರಿಯ ಮೇಜಿನ ಮೇಲೆಯೇ ಯಂತ್ರದ ಬೆನ್ನು ಬಿಚ್ಚಲಾಯಿತು. ಫ್ಯಾನನ್ನು ಕಳಚಿದಾಗ ಅದರ ಬಾಯಿಗೂ ತಾಮ್ರದ ತೆಳು ರೆಕ್ಕೆಗಳ ಸಾಲಿಗೂ ನಡುವೆ ಹಳೆಯ ಕಂಬಳಿಯ ತುಂಡಿನಂತೆ ಧೂಳಿನ ಪದರವೊಂದು ಹೆಪ್ಪುಗಟ್ಟಿತ್ತು. ಚಿಮಟದಿಂದ ಹಿಡಿದೆಳೆದರೆ ಇಡಿಯಾಗಿ ಬಂತು. ಮುಕ್ಕಾಲು ಗಂಟೆಯ ಕೆಲಸ. ಹಿಂಬದಿಯ ಹನ್ನೊಂದು ತಿರುಪುಗಳಲ್ಲಿ ಕೊನೆಯ ಆರನ್ನು ಮಗಳೇ ಬಿಗಿದಳು. ಯಂತ್ರ ಹಚ್ಚಿದಾಗ, ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ತಂದೆ ಕಿವಿ ಹತ್ತಿರ ತಂದು ಕೇಳಬೇಕಾಯಿತು. ಅರ್ಜಿ ಮಡಚಿ ಅವರ ಜೇಬು ಸೇರಿತು.

ಎಲ್ಲ ಅಂಗಡಿಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಆದರೆ ನೆಗಡಿ ಬಂತೆಂದು ಮೂಗು ಕೊಯ್ಯಹೊರಟವರ ಮಾತನ್ನು ನಮ್ಮ ಜನ ಇಷ್ಟು ಸುಲಭವಾಗಿ ನಂಬುವುದೇಕೆ? ಒಳಗೆ ಏನಿದೆಯೆಂದು ತಿಳಿಯದ್ದರಿಂದ. ಹಾಗಾದರೆ ತಿಳಿದುಕೊಳ್ಳೋಣ.

ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಣ್ಣೆ ಜಿಡ್ಡು ಕಟ್ಟಿದ ಎಕ್ಸಾಸ್ಟ್ ಫ್ಯಾನು ಭೋರೆಂದು ಕೂಗಿದಾಗ ಸ್ಟೂಲು ಹತ್ತಿ ಸೋಡಾ ನೀರಿನಲ್ಲಿ ಅದನ್ನು ತೊಳೆದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಫ್ಯಾನು ಕೂಗಿತೆಂದು ಅಡಿಗೆಮನೆಯನ್ನೇ ಬದಲಿಸಿದ ಸೇಟರನ್ನು ನಾವು ಕಂಡಿಲ್ಲ. ಲ್ಯಾಪ್‌ಟಾಪಿನೊಳಗೂ ವ್ಯವಸ್ಥೆ ಇಂಥದೇ. ಲೆಕ್ಕ ಮಾಡುವ ಚಿಪ್ಪು ಕಾಯುತ್ತದೆ; ತಾಮ್ರದ ಕೊಳವೆ ಆ ಕಾವನ್ನು ತೆಳು ರೆಕ್ಕೆಗಳವರೆಗೆ ಒಯ್ಯುತ್ತದೆ; ಫ್ಯಾನು ಹೆಚ್ಚಾಗಿ ಯಂತ್ರದ ಅಡಿಯಿಂದ ಗಾಳಿ ಎಳೆದು ಆ ರೆಕ್ಕೆಗಳ ಸಂದಿನಿಂದ ಹೊರಕ್ಕೆ ನೂಕುತ್ತದೆ. ಸಂದು ಕಟ್ಟಿದರೆ ಕಾವು ಹೊರಗೆ ಹೋಗದು. ಆಗ ಫ್ಯಾನು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಸುತ್ತಿ ಹೆಣಗುತ್ತದೆ. ಅದೂ ಸಾಲದಾದಾಗ, ಅನೇಕ ಯಂತ್ರಗಳಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ, ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಯಂತ್ರ ಮುದಿಯಾಯಿತೆಂದು ನಾವು ತಿಳಿಯುವುದು ಎಷ್ಟೋ ಸಲ ಇದನ್ನೇ.

ನಮ್ಮ ಖೋಲಿಗಳಲ್ಲಿ ಈ ಕಷ್ಟ ಇನ್ನೂ ಬೇಗ ಬರುತ್ತದೆ. ಒಲೆಗೂ ಓದುವ ಜಾಗಕ್ಕೂ ನಡುವೆ ಆರಡಿ ಅಂತರವಿಲ್ಲ. ಒಗ್ಗರಣೆಯ ಜಿಡ್ಡು ಧೂಳನ್ನು ಅಂಟಾಗಿಸುತ್ತದೆ. ಮೇಜಿಗೆ ಜಾಗವಿಲ್ಲವೆಂದು ಮಕ್ಕಳು ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಓದುತ್ತಾರೆ. ಹಾಸಿಗೆ ಅದರ ಮೂಗನ್ನೇ ಮುಚ್ಚುತ್ತದೆ. ಹಳೆಯ ಮಣೆಯೊಂದನ್ನು ಅಡಿಗಿಟ್ಟರೆ ಅರ್ಧ ಉಪಕಾರವಾಗುತ್ತದೆ, ಅದಕ್ಕೆ ಕಾಸೂ ಖರ್ಚಿಲ್ಲ.

ಸದ್ದಿನಲ್ಲೂ ಬಗೆಗಳಿವೆ. ಬರಿಯ ಗಾಳಿಯ ಭೋರ್ಗರೆತವಾದರೆ ಅದು ಕಾವಿನ ಗುರುತು: ಧೂಳಿರಬಹುದು, ಅಥವಾ ಹಿಂದೆ ಯಾವುದೋ ಪ್ರೋಗ್ರಾಂ ಸುಮ್ಮನೆ ಓಡುತ್ತಿರಬಹುದು, ಬಿಚ್ಚುವ ಮೊದಲು ಅದನ್ನು ನೋಡಿಕೊಳ್ಳಬೇಕು. ಟಿಕಟಿಕ ಎಂದರೆ ಎಲೆಗೆ ತಂತಿಯೋ ಕಸವೋ ತಾಗುತ್ತಿದೆ. ಗರಗರ ಅರೆಯುವ ಸದ್ದಾದರೆ ಬೇರಿಂಗು ಸವೆದಿದೆ. ಆಗ ಫ್ಯಾನನ್ನೇ ಬದಲಿಸುವುದು ಲೇಸು. ಅದಕ್ಕೆ ತೆಂಗಿನೆಣ್ಣೆ ಬಿಡುವವರಿದ್ದಾರೆ. ನಾಲ್ಕು ದಿನ ಸುಮ್ಮನಿದ್ದು, ಆ ಎಣ್ಣೆಗೆ ಮತ್ತಷ್ಟು ಧೂಳು ಅಂಟಿ ಮೊದಲಿಗಿಂತ ಜೋರಾಗಿ ಕೂಗುತ್ತದೆ. ಬೇಡ.

ಕೈಯಾರೆ ಮಾಡುವ ಧೈರ್ಯವುಳ್ಳವರಿಗೆ ಆ ಯುವಕ ಹೇಳಿದ ಎಚ್ಚರಿಕೆಗಳನ್ನು ಇಲ್ಲಿ ಕೊಡುತ್ತೇವೆ. ವಾರಂಟಿ ಇನ್ನೂ ಮುಗಿಯದಿದ್ದರೆ ಮುಟ್ಟಬಾರದು, ಕಂಪನಿಗೇ ಒಯ್ಯಬೇಕು. ಯಂತ್ರ ಆರಿಸಿ, ಬೆನ್ನು ತೆಗೆದೊಡನೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ತಿರುಪುಗಳೆಲ್ಲ ಒಂದೇ ಉದ್ದವಿರುವುದಿಲ್ಲ. ಕಾಗದದ ಮೇಲೆ ಯಂತ್ರದ ಚಿತ್ರ ಗೀಚಿ ಅವನ್ನು ಆಯಾ ಜಾಗದಲ್ಲೇ ಇಡಬೇಕು. ಫ್ಯಾನಿನ ತಂತಿಯನ್ನು ಹಿಡಿದೆಳೆಯದೆ ಅದರ ತುದಿಯ ಪ್ಲಗ್ಗನ್ನೇ ಹಿಡಿದು ಬಿಡಿಸಬೇಕು. ಗಾಳಿ ಊದುವಾಗ ಎಲೆಗಳು ತಿರುಗದಂತೆ ಬೆರಳಿನಿಂದ ತಡೆದಿರಬೇಕು. ಹೊರಗಿನಿಂದಲೇ ಊದಿ ಮುಗಿಸುವುದು ಸೋಮಾರಿಗಳ ಉಪಾಯ, ಕಂಬಳಿಯಂಥ ಪದರ ಅದಕ್ಕೆ ಜಗ್ಗದು. ತಾಮ್ರದ ಕೊಳವೆಯನ್ನೂ ಎತ್ತಿದರೆ ಚಿಪ್ಪಿನ ಮೇಲಿನ ಹಳೆಯ ಪೇಸ್ಟು ಒರೆಸಿ ಹೊಸದನ್ನು ಹಚ್ಚಲೇಬೇಕು.

ಇನ್ನು ಅಂಗಡಿಗಳ ಮಾತು. ಗಿರಾಕಿಯ ಎದುರಿಗೇ ಯಂತ್ರ ಬಿಚ್ಚಿ ತೋರಿಸಿ ಆಮೇಲೆ ಖರ್ಚು ಹೇಳಬೇಕು, ತೆಗೆದ ಹಳೆಯ ಬಿಡಿಭಾಗವನ್ನು ಕೈಗೆ ಕೊಡಬೇಕು ಎಂದು ಕೇಳುವುದು ನಮ್ಮ ಹಕ್ಕು. ರಿಪೇರಿಯ ಹಕ್ಕೆಂಬುದು ಈಗ ಸರ್ಕಾರದ ಬಾಯಲ್ಲೂ ಇರುವ ಮಾತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಇದಕ್ಕಾಗಿ ಸಮಿತಿ ನೇಮಿಸಿ, ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ವಿವರಗಳಿಗಾಗಿ ಪೋರ್ಟಲನ್ನೂ ತೆರೆಯಿತು. ಫ್ರಾನ್ಸಿನಲ್ಲಾದರೆ 2021ರ ಜನವರಿಯಿಂದಲೇ ಲ್ಯಾಪ್‌ಟಾಪು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂದು ಹತ್ತಕ್ಕೆ ಇಂತಿಷ್ಟು ಎಂಬ ಅಂಕವನ್ನು ಮಾರುವವರು ತೋರಿಸಬೇಕೆಂಬ ಕಾನೂನು ಬಂತು. ನಮ್ಮಲ್ಲಿಯೂ ಆ ಅಂಕ ಬೆಲೆಯ ಪಕ್ಕದಲ್ಲೇ ಇರಬೇಕು. ಮೋಸ ಹೋದವರು 1915ಕ್ಕೆ ಫೋನು ಮಾಡಿ ದೂರು ಕೊಡಬಹುದು; ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಆದರೆ ತಪ್ಪೆಲ್ಲ ಅಂಗಡಿಯವರದೇ ಎಂದು ಬರೆದರೆ ನಾವು ಅರ್ಧ ಸತ್ಯ ಬರೆದಂತೆ. ಆ ಯುವಕನನ್ನು ಕೇಳಿದೆವು: ಧೂಳು ತೆಗೆದರೆ ಸಾಕೆಂದು ತಿಳಿದೂ ಅಂಗಡಿಗಳು ಬೋರ್ಡಿನ ಮಾತು ಎತ್ತುವುದೇಕೆ? ಅವನು ನಕ್ಕು, "ಬೋರ್ಡಿಗೆ ಸಾವಿರಗಟ್ಟಲೆ ಕೇಳಿದರೆ ಜನ ಕೊಡುತ್ತಾರೆ. ಧೂಳು ತೆಗೆದದ್ದಕ್ಕೆ ಐನೂರು ಕೇಳಿದರೆ, ಬ್ರಷ್ಷಿನಲ್ಲಿ ಒರೆಸಿದ್ದಕ್ಕೆ ಇಷ್ಟೇಕೆ ಎಂದು ಜಗಳಕ್ಕೆ ನಿಲ್ಲುತ್ತಾರೆ" ಎಂದ. ಈ ಮಾತು ನಮಗೆ ಚುಚ್ಚಿತು. ಸಾಮಾನಿಗೆ ಹಣ ಕೊಡುವಾಗ ಮಾತಾಡದ ನಾವು ಕೈಕೆಲಸಕ್ಕೆ ಕೂಲಿ ಕೊಡುವಾಗ ಚೌಕಾಸಿಗಿಳಿಯುತ್ತೇವೆ. ನಾವೇ ಕೂಲಿಗಾಗಿ ದುಡಿಯುವವರು, ನಮ್ಮ ಪಗಾರಕ್ಕೆ ಒಂದು ನೂರು ಕಡಿಮೆಯಾದರೆ ಸಂಘಕ್ಕೆ ಓಡಿಬರುವವರು! ಪ್ರಾಮಾಣಿಕವಾಗಿ ಧೂಳು ತೆಗೆಯುವವನಿಗೆ ಹೊಟ್ಟೆ ತುಂಬದಿದ್ದರೆ ಅವನು ಬೋರ್ಡು ಮಾರುವವನಾಗುತ್ತಾನೆ. ಅಂದು ಆ ಸದಸ್ಯರು ಕೊಡಬಂದ ಹಣವನ್ನು ಯುವಕ ಬೇಡವೆಂದ. ನಾವು ಬಿಡಲಿಲ್ಲ, ಕೊಡಿಸಿದೆವು.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಒಂದು ಮೇಜನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇವೆ. ತಿರುಪುಳಿ, ಬ್ರಷ್ಷು, ಪೇಸ್ಟಿನ ಖರ್ಚು ಸಂಘದ್ದು; ಕೂಲಿ ಮಾತ್ರ ಯಂತ್ರದ ಒಡೆಯರದು, ದರವನ್ನು ಮೊದಲೇ ಗೋಡೆಗೆ ಬರೆದು ಹಚ್ಚಲಾಗುವುದು. ಸಮಿತಿಯ ಒಪ್ಪಿಗೆ ದೊರೆತರೆ ದಿನವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಬರುವವರು ತಮ್ಮ ಕಡತಗಳನ್ನು ಬೇರೆಡೆ ಪ್ರತಿಮಾಡಿಟ್ಟು, ಚಾರ್ಜರನ್ನು ಮರೆಯದೆ ತರಬೇಕು. ಓದುವ ಮಗನೋ ಮಗಳೋ ಇದ್ದರೆ ಅವರನ್ನೂ ಕರೆತರಬೇಕು.