ಆ ಫೋಟೋದಲ್ಲಿ ಮುಖ ಕಾಣುತ್ತದೆಯೇ?

ನಮ್ಮ ಶಾಲೆಗಳಲ್ಲಿ ದಿನ ಶುರುವಾಗುವುದು ಪರಿಪಾಠದಿಂದ. ಪ್ರಾರ್ಥನೆ, ಪ್ರತಿಜ್ಞೆ, ಸುಭಾಷಿತ, ಆಮೇಲೆ ದಿನದ ಸುದ್ದಿ. ಜತ್ತ ಸೀಮೆಯವರಾದ ನಮಗೆ ಸುದ್ದಿಗೇನೂ ಬರವಿಲ್ಲ. ವಿಜಯಪುರದ ಕಡೆಯಿಂದ ಕನ್ನಡ ಪೇಪರ್ ಬರುತ್ತದೆ, ಸಾಂಗ್ಲಿಯ ಕಡೆಯಿಂದ ಮರಾಠಿ ಪೇಪರ್ ಬರುತ್ತದೆ. ಮಕ್ಕಳು ಸರದಿಯಂತೆ ಓದುತ್ತಾರೆ.

ಒಂದು ಮುಂಜಾನೆ ಹುಡುಗನೊಬ್ಬ ಗಟ್ಟಿಯಾಗಿ ಓದಿಬಿಟ್ಟ. ಲಾಡ್ಜ್ ಮೇಲೆ ಪೊಲೀಸರ ದಾಳಿ, ದಂಧೆಯಲ್ಲಿ ತೊಡಗಿದ್ದ ಮಹಿಳೆಯರ ರಕ್ಷಣೆ... ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು. ನಾವು ಗಡಿಬಿಡಿಯಿಂದ ಪುಟ ತಿರುವಿ ಕೊಟ್ಟು, ಕ್ರಿಕೆಟ್ ಸುದ್ದಿ ಓದು ಎಂದೆವು. ಅಷ್ಟರಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿದ್ದಳು. ಅವಳ ತಾಯಿ ಊರಲ್ಲಿಲ್ಲ, ಅಜ್ಜಿ ಸಾಕುತ್ತಿದ್ದಾರೆ. ತಾಯಿ ಏನು ಕೆಲಸ ಮಾಡುತ್ತಾಳೆಂದು ನಾವು ಕೇಳಿಲ್ಲ. ಕೇಳದೆಯೇ ಊರಿಗೆಲ್ಲ ಗೊತ್ತು.

ಸಂಜೆ ಅಜ್ಜಿ ಶಾಲೆಗೆ ಬಂದರು. "ಸರ, ಆ ಪೇಪರದಾಗ ಫೋಟೋ ಹಾಕ್ಯಾರೇನ್ರಿ? ಮಾರಿ ಕಾಣತೈತೇನ್ರಿ?" ಕೇಳಿದ್ದು ಇಷ್ಟೇ. ಫೋಟೋ ಇತ್ತು. ಸೆರಗು, ದುಪಟ್ಟಾಗಳಲ್ಲಿ ಮುಖ ಮುಚ್ಚಿಕೊಂಡು ನಿಂತ ಹೆಂಗಸರು. ಅಜ್ಜಿ ಬಹಳ ಹೊತ್ತು ನೋಡಿದರು. ಸೀರೆ, ಕೈ, ಕಾಲು ಎಲ್ಲ ನೋಡಿ, "ನಮ್ಮಕಿ ಅಲ್ಲ ಬಿಡ್ರಿ" ಎಂದು ಹೊರಟುಹೋದರು. ಅವರು ಹೋದ ಮೇಲೆ ನಮಗೆ ಹೊಳೆಯಿತು. ಫೋಟೋದಲ್ಲಿದ್ದವರಿಗೂ ಒಂದು ಊರು ಇದ್ದೀತು. ಆ ಊರಿನ ಶಾಲೆಯಲ್ಲೂ ಅದೇ ಪೇಪರ್ ಓದಿರಬಹುದು.

ಆ ದಿನದಿಂದ ಇಂಥ ಸುದ್ದಿಗಳನ್ನು ನಾವು ಬೇರೆ ಕಣ್ಣಿನಿಂದ ಓದತೊಡಗಿದೆವು. ಕನ್ನಡವಿರಲಿ ಮರಾಠಿ ಇರಲಿ, ಅಚ್ಚು ಒಂದೇ. 'ಖಚಿತ ಮಾಹಿತಿ ಮೇರೆಗೆ' ದಾಳಿ. 'ಹೈಟೆಕ್ ವೇಶ್ಯಾವಾಟಿಕೆ', 'ಸೆಕ್ಸ್ ರಾಕೆಟ್', 'ಮಾಂಸದಂಧೆ' ಎಂಬ ದಪ್ಪಕ್ಷರದ ತಲೆಬರಹ. ತಲೆಬರಹದಲ್ಲಿ ಹೆಂಗಸರು 'ಸಿಕ್ಕಿಬಿದ್ದರು', ಕೆಳಗಿನ ವರದಿಯಲ್ಲಿ 'ರಕ್ಷಿಸಲಾಯಿತು'. ಸಿಕ್ಕಿಬಿದ್ದವರು ಅಪರಾಧಿಗಳು, ರಕ್ಷಿಸಲ್ಪಟ್ಟವರು ಸಂತ್ರಸ್ತರು. ಒಂದೇ ಸುದ್ದಿಯಲ್ಲಿ ಒಬ್ಬಳೇ ಎರಡೂ ಆಗುವುದು ಹೇಗೆ? ಸಂತ್ರಸ್ತೆಯೇ ಆಗಿದ್ದರೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದದ್ದು ಏಕೆ? ಪೊಲೀಸರು ಹೇಳಿದ್ದು ವರದಿಯಲ್ಲಿರುತ್ತದೆ, ಅವಳು ಹೇಳಿದ್ದು ಒಂದು ಸಾಲೂ ಇರುವುದಿಲ್ಲ. ಗಿರಾಕಿಯ ಫೋಟೋ ಬಲು ಅಪರೂಪ.

ಸಿನೆಮಾದ್ದು ಇನ್ನೊಂದು ಅಚ್ಚು. ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ' (1969) ನೋಡಿ ಅತ್ತವರಲ್ಲಿ ನಾವೂ ಇದ್ದೇವೆ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಎಲ್ಲರಂತೆ ಬಾಳಬೇಕೆಂದು ಬಯಸುತ್ತಾಳೆ, ಕಥೆ ಅವಳ ಸಾವಿನಲ್ಲಿ ಮುಗಿಯುತ್ತದೆ. ಚಿತ್ರ ದೊಡ್ಡದು, ಅನುಮಾನವಿಲ್ಲ. ಆದರೆ ನಮ್ಮ ತರಗತಿಯ ಹುಡುಗಿ ಸಾಯಬೇಕಾಗಿಲ್ಲ. ಅವಳು ಹತ್ತನೆಯ ಇಯತ್ತೆ ಪಾಸಾಗಬೇಕು.

ಇದು ದೂರದ ಮುಂಬೈ ಕಥೆ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸಾಂಗ್ಲಿ, ಮಿರಜಗಳಲ್ಲಿ ಈ ಕೆಲಸದಲ್ಲಿರುವ ಅನೇಕರು ಗಡಿಯ ಆಚೆಯಿಂದ ಬಂದ ಕನ್ನಡದ ಹೆಣ್ಣುಮಕ್ಕಳು, ಎಷ್ಟೋ ಜನ ದೇವದಾಸಿ ಮನೆತನದವರು. ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ಮಾಡಿದವು. ಮಾಧ್ಯಮದವರಿಗೆ ಮಾತ್ರ ಭಂಡಾರ ಹಚ್ಚಿದ ಮುಖ, ಎಲ್ಲಮ್ಮನ ಜಾತ್ರೆ, ಒಂದಿಷ್ಟು ಕಣ್ಣೀರು ಸಿಕ್ಕರೆ ಸಾಕು.

ಈ ಹೆಂಗಸರಿಗೆ ಬಾಯಿಲ್ಲವೇ? ಇದೆ. ಸಾಂಗ್ಲಿಯಲ್ಲಿ 1996ರಲ್ಲಿ ಅವರೇ ಕೂಡಿ ಸಂಘಟನೆ ಕಟ್ಟಿಕೊಂಡರು. ಹೆಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್. ಊರವರು ಬೈಗುಳವಾಗಿ ಎಸೆದ ಮಾತನ್ನೇ ಎತ್ತಿಕೊಂಡು ತಮ್ಮ ಬೋರ್ಡಿಗೆ ಬರೆದುಕೊಂಡರು. 2010ರಲ್ಲಿ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಇಂಗ್ಲಿಷ್ ಸಾಕ್ಷ್ಯಚಿತ್ರವೊಂದು ಅಂತರಜಾಲದಲ್ಲಿ ಬಂದಾಗ, ನಮ್ಮ ಬದುಕನ್ನು ತಿರುಚಿದ್ದೀರಿ, ನಂಬಿಕೆಗೆ ದ್ರೋಹ ಮಾಡಿದ್ದೀರಿ ಎಂದು ಈ ಪರಿಷತ್ತಿನ ಮಹಿಳೆಯರು ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರ ಕೊಟ್ಟರು. ಕೇಳುವ ಕಿವಿ ಇದ್ದರೆ ಮಾತಿಗೆ ಕೊರತೆಯಿಲ್ಲ.

ಇನ್ನು ಕಾನೂನು. ಹದಿನೆಂಟು ತುಂಬದವರನ್ನು ಇದಕ್ಕೆ ಎಳೆಯುವುದು, ಯಾರನ್ನೇ ಆಗಲಿ ಬಲವಂತದಿಂದ ಮಾರುವುದು ಘೋರ ಅಪರಾಧ. ಅಂಥ ಸುದ್ದಿ ಬರಲೇಬೇಕು, ಮಾರಿದವರ ಹೆಸರು ಬಯಲಾಗಲೇಬೇಕು. ಆದರೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಅಡ್ಡೆ ನಡೆಸುವುದು, ದಲ್ಲಾಳಿತನ, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧವೇ ಹೊರತು, ವಯಸ್ಕ ಮಹಿಳೆ ತಾನಾಗಿ ಈ ಕೆಲಸ ಮಾಡುವುದೊಂದೇ ಅಪರಾಧವಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಬಂಧನ, ದಾಳಿ, ರಕ್ಷಣೆಯ ಸಂದರ್ಭದಲ್ಲಿ ಈ ಮಹಿಳೆಯರ ಗುರುತು ಬಯಲಾಗಬಾರದು, ಅವರು ಸಂತ್ರಸ್ತರಿರಲಿ ಆರೋಪಿಗಳಿರಲಿ. ಗುರುತು ಸಿಗುವಂಥ ಫೋಟೋ ಹಾಕಬಾರದು, ಟೀವಿಯಲ್ಲಿ ತೋರಿಸಬಾರದು. ಇದಕ್ಕಾಗಿ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ಹೊರಡಿಸಬೇಕೆಂದೂ ಹೇಳಿತು. ಮಕ್ಕಳ ವಿಷಯದಲ್ಲಂತೂ 2015ರ ಬಾಲನ್ಯಾಯ ಕಾಯ್ದೆ, ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸದ ಜೊತೆಗೆ ಶಾಲೆಯ ಹೆಸರನ್ನೂ ಪ್ರಕಟಿಸುವಂತಿಲ್ಲ ಎನ್ನುತ್ತದೆ. ಶಾಲೆಯ ಹೆಸರು! ಅಂದರೆ ಕಾಯ್ದೆ ಬರೆದವರಿಗೆ ಗೊತ್ತಿತ್ತು, ಮಗುವಿಗೆ ಪೆಟ್ಟು ಬೀಳುವ ಜಾಗ ಯಾವುದೆಂದು.

ಸೆರಗು ಮುಚ್ಚಿಕೊಂಡಿದ್ದಾರಲ್ಲ, ಮುಖ ಎಲ್ಲಿ ಕಂಡಿತು ಎನ್ನಬಹುದು. ಊರಿನ ಹೆಸರು, ವಯಸ್ಸು, ಉಟ್ಟ ಸೀರೆ ಇಷ್ಟು ಸಾಕು, ಸಣ್ಣ ಊರಿನಲ್ಲಿ ಗುರುತು ಹಿಡಿಯಲು. ಆ ಅಜ್ಜಿ ಕೈ ಕಾಲು ನೋಡಿ ಗುರುತು ಹಿಡಿಯಲು ಕೂತಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶಿಕ್ಷಕ ಬಂಧುಗಳೇ, ಪೇಪರಿನವರಿಗೆ ಪತ್ರ ಬರೆಯೋಣ, ಬರೆಯಲೇಬೇಕು. ಆದರೆ ನಮ್ಮ ಅಂಗಳದ ಕೆಲಸ ನಮ್ಮದೇ. ಪರಿಪಾಠಕ್ಕೆ ಹೋಗುವ ಪೇಪರನ್ನು ಹತ್ತು ನಿಮಿಷ ಮೊದಲು ನಾವು ಓದಬೇಕು. ದೊಡ್ಡ ತರಗತಿಯಲ್ಲಿ, ಊರು ಹೆಸರು ತೆಗೆದು, ಯಾರ ಮೇಲೂ ಕಣ್ಣು ಹೊರಳದ ಹಾಗೆ ಇಂಥದೊಂದು ಸುದ್ದಿಯನ್ನು ಮಕ್ಕಳ ಮುಂದಿಟ್ಟು ಮೂರು ಪ್ರಶ್ನೆ ಕೇಳಬಹುದು. ಇಲ್ಲಿ ಯಾರು ಮಾತಾಡಿದ್ದಾರೆ? ಯಾರ ಮಾತು ಇಲ್ಲ? ಫೋಟೋ ಹಾಕುವ ಮೊದಲು ಯಾರನ್ನು ಕೇಳಬೇಕಿತ್ತು? ಪ್ರವೇಶ ಅರ್ಜಿಯಲ್ಲಿ ತಂದೆಯ ಹೆಸರು ಖಾಲಿ ಇದ್ದರೆ ಸಾಲಿನಲ್ಲಿ ನಿಂತವರೆದುರು ಏಕೆ ಎಂದು ಕೇಳುವುದನ್ನೂ ಬಿಡಬೇಕು. ಸ್ಟಾಫ್ ರೂಮಿನಲ್ಲಿ 'ಆ ಮನಿ ಹುಡುಗಿ' ಎಂಬ ಮಾತು ನಿಲ್ಲಬೇಕು. ಅದೂ ಒಂದು ತಲೆಬರಹವೇ.

ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾವೇ ಮನೆಗೆ ಹೋಗಿ ಕರೆತಂದೆವು. ಬಾಗಿಲಲ್ಲಿ ಅಜ್ಜಿ ಕೇಳಿದರು: "ಇವತ್ತ ಪೇಪರ ಓದಸೂದಿಲ್ಲಲ್ರಿ ಸರ?"

ಓದಿಸುತ್ತೇವೆ ಅಜ್ಜಿ, ಮೊದಲು ನಾವು ಓದಿ ಆಮೇಲೆ ಓದಿಸುತ್ತೇವೆ ಎಂದೆವು. ಆ ಮಾತು ಈವರೆಗೆ ತಪ್ಪಿಲ್ಲ. ನಿಮ್ಮ ಶಾಲೆಯಲ್ಲಿ ಹೇಗೆ?