ಹಿಮದ ಮೇಲೆ ಹುಸಿ ನಡೆಯದು



ನಮ್ಮ ಬಿಳೇಕಹಳ್ಳಿಯಲ್ಲಿ ಮಾಗಿಯ ಚಳಿಯೆಂದರೆ ಮುಂಜಾನೆ ಸ್ವೆಟರು ತೊಟ್ಟು ಹಾಲು ತರಲು ಹೋಗುವಷ್ಟು ಮಾತ್ರ. ಹಿಮವನ್ನೇ ಕಾಣದ ನಾಡಿನವರಿಗೆ ಸ್ಕೀಯಿಂಗ್ ಕ್ರೀಡೆಯ ಗೊಡವೆ ಏಕೆಂದು ಮನೆಯ ಹಿರಿಯರು ಕೇಳುವುದು ಸಹಜ. ಆದರೆ ಕೊಡಗಿನ ಮಗಳು ಭವಾನಿ ತೆಕ್ಕಡ ಅವರು 2025ರಲ್ಲಿ ದೂರದ ಚಿಲಿ ದೇಶದಲ್ಲಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯ ಕಂಚಿನ ಪದಕ ಗೆದ್ದು, ಸಾಧನೆಗೆ ಹುಟ್ಟೂರಿನ ಹವೆ ಅಡ್ಡಿಯಲ್ಲವೆಂದು ತೋರಿಸಿಕೊಟ್ಟಿದ್ದಾರೆ. ಈ ಆಟದ ರುಚಿಯನ್ನು ಬಲ್ಲ ನಾವು, ಮಕ್ಕಳನ್ನು ಕಳುಹಿಸಲಿರುವ ಮನೆಗಳವರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಎರಡು ನೆಲೆಗಳು ಕಾಶ್ಮೀರದ ಗುಲ್ಮಾರ್ಗ್ ಮತ್ತು ಉತ್ತರಾಖಂಡದ ಔಲಿ. ಗುಲ್ಮಾರ್ಗಿನ ಗೊಂಡೋಲಾ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರಿಗೂ ಮಿಕ್ಕ ಎತ್ತರಕ್ಕೆ ಒಯ್ಯುತ್ತದೆ. ಆ ಎತ್ತರ ನುರಿತವರಿಗೆ ಸಲ್ಲತಕ್ಕದ್ದು. ಕಲಿಯುವವರಿಗೆ ತಪ್ಪಲಿನ ಇಳಿಜಾರುಗಳೇ ಸಾಕು. ಔಲಿಯ ಹಾದಿಯಾದರೋ ಋಷಿಕೇಶದಿಂದ ರುದ್ರಪ್ರಯಾಗದವರೆಗೆ ಕೇದಾರಯಾತ್ರೆ ಮಾಡಿದ ನಮ್ಮವರಿಗೆಲ್ಲ ಪರಿಚಿತವೇ. ಅಲ್ಲಿಂದ ಮಂದಾಕಿನಿಯ ದಾರಿಯನ್ನು ಬಿಟ್ಟು ಅಲಕನಂದೆಯ ಗುಂಟ ಜೋಶಿಮಠಕ್ಕೆ ಏರಬೇಕು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಔಲಿಯ ರೋಪ್‌ವೇ ನಿಂತಿತು. ಆದುದರಿಂದ ರಸ್ತೆಯ ಪ್ರಯಾಣವನ್ನೇ ನೆಚ್ಚಿ ಹೊರಡುವುದು ಲೇಸು.

ಇನ್ನು ಸಲಕರಣೆಗಳ ವಿಚಾರ. ಮೊದಲ ಸಲ ಹೋಗುವವರು ಸಾವಿರಾರು ರೂಪಾಯಿ ಸುರಿದು ಸ್ಕೀ ಕೊಳ್ಳಬೇಕಾಗಿಲ್ಲ. ಅವು ಅಲ್ಲಿಯೇ ಬಾಡಿಗೆಗೆ ದೊರೆಯುತ್ತವೆ. ಹಣ ತೆರುವುದಾದರೆ ನೀರು ಹೀರದ ಒಳ್ಳೆಯ ಕೈಗವಸು, ಕಣ್ಣಿಗೆ ಗಾಗಲ್ಸ್, ತಲೆಗೆ ಹೆಲ್ಮೆಟ್ಟುಗಳಿಗೆ ತೆರಿರಿ. ಲಿಂಗಧಾರಿಗಳು ಕರಡಿಗೆಯು ಹೊರಗೆ ತೂಗಾಡದಂತೆ, ಶಿವದಾರವು ಎಲ್ಲಿಯೂ ಸಿಕ್ಕಿಕೊಳ್ಳದಂತೆ ಅಂಗಿಯೊಳಗೆ ಭದ್ರಪಡಿಸಿಕೊಳ್ಳತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಬಿದ್ದಾಗ ಅದು ತಾನಾಗಿ ಕಳಚಿಕೊಂಡು ಕಾಲನ್ನು ಉಳಿಸಬೇಕು. ಅದರ ಬಿಗುವನ್ನು ತೊಡುವವರ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಕಲಿಕೆಯ ಮಟ್ಟವನ್ನು ಕೇಳಿ ಹೊಂದಿಸುತ್ತಾರೆ. ಹೊಸಬರೊಬ್ಬರು ಅಭಿಮಾನದಿಂದ ತಾವು ನುರಿತವರೆಂದು ಹೇಳಿಕೊಂಡರೆ ಬಿಗುವು ಮಿತಿಮೀರುತ್ತದೆ. ಬಿದ್ದಾಗ ಸ್ಕೀ ಕಳಚದು, ಕಾಲು ತಿರುಚುತ್ತದೆ. ಬಾಡಿಗೆಯ ಅಂಗಡಿಯಲ್ಲಿ ಆಡಿದ ಒಂದು ಹುಸಿಗೆ ಮೂಳೆಯೇ ದಂಡ ತೆರಬೇಕಾದೀತು. ಸ್ಕೀಗಳ ಮೂತಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ನಿಲ್ಲುವುದೇ ಇಲ್ಲಿನ ಮೊದಲ ಪಾಠ. ನಿಲ್ಲಲು ಬಾರದವರಿಗೆ ವೇಗದ ಆಸೆ ಸಲ್ಲದು.

ಹಿಮವೂ ನಮ್ಮ ರಜೆಯನ್ನು ನೋಡಿ ಬೀಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಿನೆಲವಾಗಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಹಂತವನ್ನೂ ಹಿಮವಿಲ್ಲದೆ ಮಾರ್ಚಿಗೆ ಮುಂದೂಡಿದರು. ಕಾದು ಬಂದ ಹಿಮವನ್ನು ಕಂಡು ಮೈಮರೆಯುವುದೂ ತರವಲ್ಲ. 2024ರ ಫೆಬ್ರವರಿ 22ರಂದು ಅಫರ್ವತ್‌ನಲ್ಲಿ ಹಿಮಪಾತವುಂಟಾಗಿ ರಷ್ಯಾದ ಸ್ಕೀಯರ್ ಒಬ್ಬರು ಅಸುನೀಗಿದರು. ಗುರುತಿಸಿದ ಇಳಿಜಾರನ್ನು ಬಿಟ್ಟು ಹೋಗಬಾರದೆಂದು ಸ್ಥಳೀಯ ಮಾರ್ಗದರ್ಶಿ ಹೇಳಿದರೆ ಮರುಮಾತಿಲ್ಲದೆ ಕೇಳುವುದೇ ವಿವೇಕ.

ಆದುದರಿಂದ ತಂದೆತಾಯಂದಿರು ಮಕ್ಕಳ ಆಸೆಯನ್ನು ಚಿವುಟದಿರಲಿ. ಹೊರಡುವ ಎರಡು ತಿಂಗಳ ಮೊದಲೇ ಮೆಟ್ಟಿಲು ಹತ್ತಿಳಿದು ತೊಡೆ, ಮೊಣಕಾಲುಗಳನ್ನು ಬಲಪಡಿಸಿಕೊಳ್ಳಲು ಹೇಳಲಿ, ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇರುವಂತೆ ಟಿಕೆಟು ಮಾಡಿಸಲಿ. ಔಲಿಯಿಂದ ಮರಳುವಾಗ ಊಖೀಮಠಕ್ಕೆ ಹೋಗಿಬರಲು ಆ ದಿನಗಳು ಒದಗುತ್ತವೆ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಗೆ ಪೂಜೆ ಸಲ್ಲುವುದು ಅಲ್ಲಿನ ಓಂಕಾರೇಶ್ವರ ಗುಡಿಯಲ್ಲಿ. ಪಂಚಪೀಠಗಳಲ್ಲೊಂದಾದ ಕೇದಾರಪೀಠವಿರುವುದೂ ಅಲ್ಲಿಯೇ. ಆಟಕ್ಕೆಂದು ಹೋದ ಮಕ್ಕಳು ಕ್ಷೇತ್ರದರ್ಶನವನ್ನೂ ಪಡೆದು ಕ್ಷೇಮವಾಗಿ ಮನೆಗೆ ಮರಳಲೆಂದು ಹಾರೈಸುತ್ತೇವೆ.