ಅಜ್ಜನ ಸೈಕಲ್ಲನ್ನ ಗುಜರಿಗೆ ಹಾಕೋ ಮುಂಚೆ

ಡೇರಿಗೆ ಹಾಲಿನ ಕ್ಯಾನು, ಶ್ರೀನಿವಾಸಪುರದ ಮಂಡಿಗೆ ಮಾವಿನಕಾಯಿ ಹೊತ್ತ ಹಳೇ ಸೈಕಲ್‌ಗಳು ಕೋಲಾರ, ಮಾಲೂರು, ಮುಳಬಾಗಿಲು ಕಡೆ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒರಗಿ ನಿಂತಿವೆ. ಫ್ರೇಮ್ ಬಿರುಕು ಬಿಟ್ಟಿದೆ ಅಂತ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕುತ್ತಿದ್ದೇವೆ. ಅದು ತಪ್ಪು ಅನ್ನುವುದು ನಮ್ಮ ಅಭಿಪ್ರಾಯ.

ನಾವೂ ಹಾಗೇ ಮಾಡುವವರಿದ್ದೆವು. ನಮ್ಮ ಅಜ್ಜನ ಅಟ್ಲಾಸ್ ಸೈಕಲ್ಲಿನ ಸೀಟಿನ ಕೆಳಗೆ, ಜಾಯಿಂಟ್ ಪಕ್ಕ ಪೈಪು ಬಿರುಕು ಬಿಟ್ಟಿತ್ತು. ಕಿಟಕಿ ಗ್ರಿಲ್ ಮಾಡುವ ಕಡೆ ಕೊಟ್ಟೆವು. ಕರೆಂಟ್ ವೆಲ್ಡಿಂಗ್ ಹೊಡೆದ ತಕ್ಷಣ ತೆಳು ಪೈಪು ಸುಟ್ಟು ತೂತಾಯಿತು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಮುಚ್ಚಿತ್ತು. ಹೊಸ ಫ್ರೇಮ್ ಎಲ್ಲಿಂದ ತರೋದು?

ಕೊನೆಗೆ ಉಳಿಸಿದ್ದು ಒಬ್ಬ ವಯಸ್ಸಾದ ಸೈಕಲ್ ಮೇಸ್ತ್ರಿ. ಪೈಪಿನೊಳಗೆ ಇನ್ನೊಂದು ಚಿಕ್ಕ ಪೈಪಿನ ತುಂಡು ಕೂರಿಸಿ, ಬಿಳಿಗಾರ ಹಾಕಿ, ಗ್ಯಾಸ್ ಬೆಂಕಿಯಲ್ಲಿ ಹಿತ್ತಾಳೆ ಕರಗಿಸಿ ಬೆಸೆದರು. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಉಕ್ಕಿಗೆ 1,400 ದಾಟಬೇಕು. ಹಾಗಾಗಿ ಪೈಪು ಕರಗದೆ ಬೆಸುಗೆ ಕೂರುತ್ತದೆ. ಹಳೇ ಸೈಕಲ್‌ಗಳ ಜಾಯಿಂಟ್‌ಗಳನ್ನು ಕಾರ್ಖಾನೆಯಲ್ಲೂ ಹೀಗೇ ಬೆಸೆಯುತ್ತಿದ್ದರು.

ಫ್ರೇಮ್ ಸೊಟ್ಟಗಿದೆಯಾ ಅಂತ ನೀವೇ ನೋಡಬಹುದು. ಹಿಂದಿನ ಚಕ್ರ ಕೂರುವ ಒಂದು ಕಿವಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪು ಸುತ್ತಿಸಿ, ಇನ್ನೊಂದು ಕಿವಿಗೆ ಬಿಗಿಯಿರಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಜಾಗ ಎರಡೂ ಕಡೆ ಸಮ ಇರಬೇಕು. ಸ್ವಲ್ಪ ಬಾಗಿದ್ದರೆ ಮೇಸ್ತ್ರಿ ನೆಟ್ಟಗೆ ಮಾಡಿಕೊಡುತ್ತಾರೆ. ಆದರೆ ಮುಂದಿನ ಫೋರ್ಕ್ ಬಿರುಕು ಬಿಟ್ಟಿದ್ದರೆ ಬೆಸೆಯಬೇಡಿ, ಬದಲಾಯಿಸಿ. ಅದು ಪ್ರಾಣದ ವಿಷಯ. ಒಳಗಿಂದ ತುಕ್ಕು ತಿಂದ ಪೈಪಿಗೂ ದುಡ್ಡು ಸುರಿಯಬೇಡಿ.

ಇನ್ನು ನಮ್ಮ ಮುಖ್ಯ ಮಾತು. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಐಟಿಐನಲ್ಲಿ ವೆಲ್ಡಿಂಗ್ ಕಲಿತ ಹುಡುಗರು ನರಸಾಪುರ, ಮಾಲೂರಿನ ಫ್ಯಾಕ್ಟರಿಗಳ ಕಡೆ ನೋಡುತ್ತಾರೆ, ಅವರದ್ದು ತಪ್ಪಲ್ಲ. ಅರ್ಧ ದಿನದ ಕೆಲಸಕ್ಕೆ ಮೇಸ್ತ್ರಿ ಮುನ್ನೂರು ಕೇಳಿದರೆ ನೂರಕ್ಕೆ ಚೌಕಾಸಿ ಮಾಡುವವರು ನಾವು. ಮೊಬೈಲ್ ರೀಚಾರ್ಜಿಗೆ ಯಾರಾದರೂ ಚೌಕಾಸಿ ಮಾಡ್ತಾರಾ?

ಕೇಳಿದ ಕೂಲಿ ಕೊಡಿ. ಆಗ ಆ ಅಂಗಡಿಯಲ್ಲಿ ಒಬ್ಬ ಹುಡುಗನಾದರೂ ಕೆಲಸ ಕಲಿಯಲು ನಿಲ್ಲುತ್ತಾನೆ. ನಮ್ಮ ಅಟ್ಲಾಸ್ ಮತ್ತೆ ಡೇರಿಗೆ ಹೋಗುತ್ತಿದೆ. ನಿಮ್ಮ ಕೊಟ್ಟಿಗೆಯಲ್ಲಿರೋದನ್ನೂ ಒಮ್ಮೆ ಹೊರಗೆ ತೆಗೆದು ನೋಡಿ.